ಫಕೀರವ್ವ ಹಿಡಿದ ತುದಿ

ರಾಚಪ್ಪ ಸಾವಕಾರರು ಆ ತಿಂಗಳಲ್ಲಿ ಮೂರನೆಯ ಸಲ ಬಂದರು.

ಪೂಜ್ಯ ಅಡವಯ್ಯಜ್ಜನವರು ಕರಡಿಹಾಳದ ಮಠದ ಅಂಗಳದಲ್ಲಿ, ಹರಿದ ಗೋಣಿಚೀಲದ ಮೇಲೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದರು. ಎದುರಿಗೆ ಮಠದ ಸೇವೆಗಿದ್ದ ನಾನು. ಬೀಜ ಒಂದು ಕಡೆ, ನಾರು ಒಂದು ಕಡೆ, ಹಣ್ಣು ಒಂದು ಕಡೆ. ಇಬ್ಬರ ಕೈಯೂ ಅಂಟು.

ಸಾವಕಾರರು ಉದ್ದಕ್ಕೆ ಬಿದ್ದು ನಮಸ್ಕರಿಸಿದರು. ಎದ್ದವರು ಅಜ್ಜನವರ ಶ್ರೀಪಾದ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಗೋಡೆಗೆ ಆನಿಸಿದ್ದ ಬಿದಿರು ಕೋಲನ್ನು ನೋಡಿದರು.

ನನಗೆ ಮೈ ಉರಿಯಿತು.

ಅವರು ಕೆಟ್ಟವರಲ್ಲ. ಪಟ್ಟಣದಲ್ಲಿ ಹತ್ತಿಯ ಗಿರಣಿ ಎರಡು, ಹೊಲ ಬೇಕಾದಷ್ಟು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು. ಮಹಾತ್ಮರ ಕೋಲು ಕೂಡಿಸುವುದು. ಯಾವ ಊರಲ್ಲಿ ಯಾವ ಸ್ವಾಮಿಗಳು ಲಿಂಗೈಕ್ಯರಾದರೂ ಮೂರನೆಯ ದಿನಕ್ಕೆ ಸಾವಕಾರರ ಕಾರು ಅಲ್ಲಿ ನಿಂತಿರುತ್ತಿತ್ತು. ನಲವತ್ತೊಂದು ಕೋಲುಗಳಾಗಿದ್ದವು. ಮನೆಯ ನಡುಕೋಣೆಯಲ್ಲಿ ತೇಗದ ಕಪಾಟು, ಗಾಜಿನ ಬಾಗಿಲು, ಒಳಗೆ ಕೆಂಪು ಮಖಮಲ್ಲು, ಒಂದೊಂದಕ್ಕೂ ಒಂದೊಂದು ದೀಪ. ಎಲ್ಲದಕ್ಕೂ ಬೆಳ್ಳಿ ಕಟ್ಟಿಸಿದ್ದರು. ನಾನೊಮ್ಮೆ ನೋಡಿದ್ದೇನೆ. ಒಬ್ಬರೇ ಸ್ವಾಮಿಗಳ ಹೆಸರಿನಲ್ಲಿ ಎರಡು ಕೋಲಿದ್ದವು. ಒಂದು ನನ್ನ ಎದೆಯವರೆಗೆ ಬರುತ್ತಿತ್ತು, ಇನ್ನೊಂದು ಮೊಣಕಾಲಿಗೆ. ಸ್ವಾಮಿಗಳು ನಡುವೆ ಕುಗ್ಗಿದರೇನ್ರಿ ಎಂದು ಕೇಳಿದೆ. ಸಾವಕಾರರು ಆಮೇಲೆ ನನ್ನೊಡನೆ ಒಂದು ವರ್ಷ ಮಾತಾಡಲಿಲ್ಲ. ನೆಮ್ಮದಿಯಾಗಿತ್ತು.

ಈ ಸಲ ತಂದದ್ದು ಒಂದು ಪ್ರಶ್ನೆ.

"ಅಜ್ಜಾರ, ಹೈದರಾಬಾದಿನಾಗ ಹಳೇ ಸಾಮಾನು ಮಾರೋ ಒಬ್ಬಾಂವ ಅದಾನ್ರಿ. ಅವನ ಹತ್ರ ಹನ್ನೆರಡು ಬೆತ್ತ ಅದಾವು. ಎಲ್ಲಾ ದೊಡ್ಡ ದೊಡ್ಡ ಮಹಾತ್ಮರವು. ಹನ್ನೆರಡೂ ಒಮ್ಮೆಲೇ ತಗೋಬೇಕಂತ. ಒಂದು ಗಿರಣಿ ರೇಟು ಹೇಳ್ತಾನ. ಮನ್ಯಾಗ ಹೇಣ್ತಿ ನಿಂಬವ್ವ ಮಾತು ಬಿಟ್ಟಾಳ್ರಿ."

ಅಜ್ಜನವರು ಬೀಜ ಬಿಡಿಸಿದರು.

"ರೊಕ್ಕದ ಮಾತಲ್ರಿ ಇದು. ಮೊಮ್ಮಕ್ಕಳು ಕುಂತು ಉಂಡರೂ ತೀರಂಗಿಲ್ಲ. ಯಾರ ಹೊಟ್ಟಿ ಮ್ಯಾಲೂ ಹೊಡದಿಲ್ಲ. ದಾನಧರ್ಮ ಬಿಟ್ಟಿಲ್ಲ. ತಗೋಬೇಕೋ ಬ್ಯಾಡೋ, ತಾವು ಹೇಳಿಬಿಡ್ರಿ."

ಅಜ್ಜನವರು ಇನ್ನೂ ನಾಲ್ಕು ಬೀಜ ಬಿಡಿಸಿದರು.

"ತಗೋ."

ಸಾವಕಾರರ ಮುಖ ಅರಳಲಿಲ್ಲ. ಅಷ್ಟು ಬೇಗ ಸಿಕ್ಕ ಅಪ್ಪಣೆ ಅವರಿಗೆ ರುಚಿಸಲಿಲ್ಲ.

"ತಗೋಂಡ್ರ ತಪ್ಪೇನಿಲ್ಲಲ್ರಿ?"

"ಬ್ಯಾಡ ಅಂದ್ರ ಬಿಡ್ತೀಯೇನು?"

ಸಾವಕಾರರು ಮತ್ತೆ ಕೋಲಿನ ಕಡೆ ನೋಡಿದರು.

"ಮತ್ತ ಕೇಳಾಕ ಯಾಕ ಬರ್ತೀ, ಪೆಟ್ರೋಲ್ ಸುಟಗೊಂಡು?"

ನಾನು ನಕ್ಕೆ. ಅಜ್ಜನವರು ನನ್ನ ಕಡೆ ನೋಡಿದರು. ನಗು ನಿಲ್ಲಿಸಿದೆ.

ಸಾವಕಾರರು ಮಣ್ಣಿನಲ್ಲೇ ಕುಳಿತರು. ಗರಿಗರಿ ಧೋತರ. ಒಳಗಿನದನ್ನು ಹೊರಗೆ ಹಾಕಿದರು. "ಆ ಹನ್ನೆರಡೂ ಬಿಡ್ತೀನ್ರಿ ಅಜ್ಜಾರ. ತಮ್ಮ ಕೋಲು ಒಂದು ಕೊಟ್ಟುಬಿಡ್ರಿ. ನಾಳೆ ತಾವಿಲ್ಲದಾಗ ಯಾರ‍್ಯಾರೋ ಒಯ್ಯತಾರ. ಒಲಿಗೂ ಹಾಕ್ಯಾರು. ನನ್ನ ಹತ್ರ ಇದ್ರ ನೂರು ವರ್ಷ ಇರ್ತೈತಿ."

ಮಹಾತ್ಮರ ಮುಂದೆ ಕುಳಿತು 'ತಾವಿಲ್ಲದಾಗ' ಎನ್ನುವ ಮನುಷ್ಯನಿಗೆ ಏನು ಹೇಳುವುದು? ನಾನು ಎದ್ದೇ ಬಿಟ್ಟಿದ್ದೆ. ಅಜ್ಜನವರು ಕೈ ಮಾಡಿ ಕೂಡಿಸಿದರು.

"ಆ ಕೋಲು ನನ್ನೊಬ್ಬಂದಲ್ಲ," ಎಂದರು. "ಅರ್ಧ ಫಕೀರವ್ವಂದು. ನನ್ನ ಅರ್ಧ ನೀ ತಗೋ. ಆಕಿ ಅರ್ಧ ಆಕೀನ ಕೇಳು."

ಫಕೀರವ್ವ ಅಲ್ಲೇ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎರಡೂ ಕಣ್ಣಿಲ್ಲ. ಹಳ್ಳದ ಆಚೆ ಒಂದು ಗುಡಿಸಲಿನಲ್ಲಿ ಒಬ್ಬಳೇ ಇದ್ದಳು. ದಿನಾ ಬೆಳಿಗ್ಗೆ ಮಠಕ್ಕೆ ಬರುವುದು, ಕಾಳು ಹಸನು ಮಾಡುವುದು, ಮಧ್ಯಾಹ್ನ ಪ್ರಸಾದ ಮಾಡಿ ಹಿಂದಿರುಗುವುದು. ಅವಳು ಹಸನು ಮಾಡಿದ ಜೋಳದಲ್ಲಿ ಒಂದು ಹರಳು ಸಿಕ್ಕದ್ದು ನಾನು ಕಾಣೆ.

ಅವಳನ್ನು ಕರೆತರುವವರು ಸ್ವತಃ ಅಜ್ಜನವರು. ಇಪ್ಪತ್ತು ವರ್ಷದಿಂದ. ಹೆಂಗಸು ವಿರಕ್ತರ ಕೈ ಹಿಡಿಯಬಾರದು ಎಂದು ಫಕೀರವ್ವ ಮೊದಲ ದಿನವೇ ಹಟ ಹಿಡಿದಳಂತೆ. ಅಜ್ಜನವರು ವಾದಿಸಲಿಲ್ಲ. ಒಂದು ಮಾರು ಉದ್ದದ ಬಿದಿರು ಕಡಿದು ತಂದರು. ಒಂದು ತುದಿ ತಾವು ಹಿಡಿದರು, ಇನ್ನೊಂದು ತುದಿ ಅವಳಿಗೆ ಕೊಟ್ಟರು. ಅವರಿಗೆ ನಡೆಯಲು ಕೋಲು ಎಂದೂ ಬೇಕಾಗಿರಲಿಲ್ಲ. ಅವಳ ತುದಿಯಲ್ಲಿ ಹೆಬ್ಬೆರಳು ಊರಿ ಊರಿ ಒಂದು ತಗ್ಗು ಬಿದ್ದಿತ್ತು, ಹುಣಸೆಬೀಜದಷ್ಟು.

ಸಾವಕಾರರು ಅವಳ ಮುಂದೆ ಹೋಗಿ ನಿಂತರು. ಕೇಳಿದರು.

ಮೊರ ನಿಂತಿತು. "ಸಾವಕಾರ್ರ, ನಿಮಗ ಕಾಲು ನೋವೇನ್ರಿ?"

"ಇಲ್ಲವಾ."

"ಕಣ್ಣು ಹೋಗ್ಯಾವೇನು?"

"ಇಲ್ಲ ಬಿಡವಾ."

"ಹಂಗಾದ್ರ ಕೋಲು ಯಾಕ?"

"ಇಡಾಕ."

"ಎಲ್ಲಿ?"

"ಗಾಜಿನ ಕಪಾಟಿನಾಗ."

"ಅಯ್ಯ ಶಿವನ, ಅಲ್ಲಿ ಅದು ಎಲ್ಲಿಗೆ ನಡೀತೈತಿ?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿದಳು. "ಅಜ್ಜಾರು ಕೊಟ್ಟಮ್ಯಾಲ ನಾ ಯಾಕ ಇಲ್ಲ ಅನ್ನಲಿ? ಒಯ್ರಿ. ಆದ್ರ ನಾಳೆ ನನ್ನ ಕರಕೊಂಡು ಬರಾವ್ರು ಯಾರು?"

"ಕಾರು ಕಳಸ್ತೀನಿ."

"ಕಾರು ಹಳ್ಳ ದಾಟತೈತೇನ್ರಿ? ದಾಟಿದ್ರೂ ನನಗ ಒಳಗ ಕುಂತ್ರ ವಾಂತಿ."

ಸಾವಕಾರರು ಅಜ್ಜನವರ ಕಡೆ ತಿರುಗಿದರು. ಅಜ್ಜನವರು ತಲೆ ಎತ್ತಲಿಲ್ಲ.

"ಕೋಲು ಒಯ್ಯಿ. ಕೋಲಿನ ಕೆಲಸಾನೂ ಒಯ್ಯಿ."

"ಅಷ್ಟೇನ್ರಿ?" ಎಂದರು ಸಾವಕಾರರು. ಸಣ್ಣ ಹುಡುಗರ ಹಾಗೆ ಮುಖ ಅರಳಿತು. "ನಾನ ಬರ್ತೀನ್ರಿ. ನಾಳೆ ಮುಂಜಾನೆ ನಾನ ಬಂದು ಕರಕೊಂಡು ಬರ್ತೀನಿ." ಕೋಲನ್ನು ಶಲ್ಯದಲ್ಲಿ ಸುತ್ತಿ, ಎರಡು ಕೈಯಲ್ಲಿ ಹೊತ್ತು, ಕಾರಿನಲ್ಲಿ ತಮ್ಮ ಪಕ್ಕಕ್ಕೆ ಮಲಗಿಸಿಕೊಂಡು ಹೋದರು.

ನನಗೆ ತಡೆಯಲಿಲ್ಲ. "ಇಪ್ಪತ್ತು ವರ್ಷದಿಂದ ಕೇಳಾಕತ್ತೀನಿ," ಎಂದೆ. "ತಮಗ ಮೊಣಕಾಲು ಹಿಡಿತಾವು, ಫಕೀರವ್ವನ್ನ ನಾ ಕರಕೊಂಡು ಬರ್ತೀನಿ ಅಂತ. ನನಗ ಕೊಡಲಿಲ್ಲ. ಅವರಿಗೆ ಕೊಟ್ರಿ."

"ನಿನಗ ಕೋಲು ಬೇಕಾಗಿರಲಿಲ್ಲ," ಎಂದರು ಅಜ್ಜನವರು.

ಅದರ ಅರ್ಥ ನನಗೆ ಆ ದಿನ ಆಗಲಿಲ್ಲ. ಸಿಟ್ಟಿನಲ್ಲಿ ಅರ್ಧ ಹುಣಸೆಹಣ್ಣನ್ನು ಬೀಜದ ರಾಶಿಗೆ ಹಾಕಿದ್ದೆ. ಮಧ್ಯಾಹ್ನ ಫಕೀರವ್ವ ಅಜ್ಜನವರ ಶಲ್ಯದ ತುದಿ ಹಿಡಿದು ಗುಡಿಸಲಿಗೆ ಹೋದಳು. ನಾನು ಮತ್ತೆ ಆರಿಸುವ ಹೊತ್ತಿಗೆ ಸಂಜೆಯಾಯಿತು.

ಮರುದಿನ ಬೆಳಿಗ್ಗೆ ಅಜ್ಜನವರು ನನ್ನನ್ನು ಕರೆದರು. "ಯಮನೂರಪ್ಪ, ಹಿಂದ ಹಿಂದ ಹೋಗು. ಬಾಯಿ ಮುಚಗೊಂಡು ಹೋಗು."

ಹೋದೆ. ಸಾವಕಾರರು ಹೇಳಿದ ಹೊತ್ತಿಗೆ ಬಂದಿದ್ದರು. ಅದನ್ನು ಒಪ್ಪಬೇಕು. ಗುಡಿಸಲಿನ ಬಾಗಿಲಲ್ಲಿ ನಿಂತು ಶಲ್ಯ ಬಿಚ್ಚಿದರು. ಒಳಗಿನಿಂದ ಕೋಲು ಹೊರಗೆ ಬಂತು. ಬಿಸಿಲಿಗೆ ಥಳಥಳ ಹೊಳೆಯಿತು.

ನಿನ್ನೆ ಊರು ಮುಟ್ಟಿದವರೇ ಪತ್ತಾರನನ್ನು ಕರೆಸಿ ಕೋಲಿನ ಎರಡೂ ತುದಿಗೆ ಗೇಣುದ್ದ ಬೆಳ್ಳಿ ಕಟ್ಟಿಸಿದ್ದರು. ಮಹಾತ್ಮರ ವಸ್ತುವಿಗೆ ಬೆಳ್ಳಿ ಇಲ್ಲದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಫಕೀರವ್ವ ಕೈ ಚಾಚಿದಳು. ಹಿಡಿದಳು. ಬಿಟ್ಟಳು.

"ಇದು ನಮ್ಮ ಕೋಲಲ್ಲ."

"ಅದ ಐತವಾ. ಬೆಳ್ಳಿ ಕಟ್ಟಸೀನಿ. ಮೂವತ್ತು ತೊಲಿ."

"ನನ್ನ ಬಟ್ಟಿನ ಜಾಗ ಎಲ್ಲಿ?"

ಹೆಬ್ಬೆರಳಿನ ತಗ್ಗು ಬೆಳ್ಳಿಯ ಕೆಳಗೆ ಮುಚ್ಚಿಹೋಗಿತ್ತು. ಸಾವಕಾರರಿಗೆ ಆ ತಗ್ಗು ಇದ್ದದ್ದೇ ಗೊತ್ತಿರಲಿಲ್ಲ. ನಾನು ಹಲ್ಲು ಕಚ್ಚಿ ನಿಂತೆ.

ಹೊರಟರು. ಸಾವಕಾರರು ಮುಂದೆ, ಅವಳು ಹಿಂದೆ. ಹತ್ತು ಹೆಜ್ಜೆಗೇ ಶುರುವಾಯಿತು.

"ಎಳೀಬ್ಯಾಡ್ರಿ ಸಾವಕಾರ್ರ. ಸಂತಿಗೆ ಹೊಂಟ ಎಮ್ಮಿ ಅಲ್ಲ ನಾ."

ನಿಧಾನ ಮಾಡಿದರು.

"ನಿಂತ ಬಿಟ್ರೇನ್ರಿ? ಯಾಕ ನಿಂತ್ರಿ?"

"ಕಲ್ಲು ಐತವಾ."

"ಕಲ್ಲು ಬಂದ್ರ ಕೋಲು ಮ್ಯಾಲ ಎತ್ತಬೇಕ್ರಿ. ತಗ್ಗು ಬಂದ್ರ ಇಳಿಸಬೇಕು. ಮುಳ್ಳು ಬಂದ್ರ ಅತ್ತಾಗ ತಿರುವಬೇಕು. ಅಜ್ಜಾರು ಬಾಯಿ ಬಿಟ್ಟು ಒಂದು ಮಾತು ಆಡತಿರಲಿಲ್ಲ. ನಿಮ್ಮ ನಲವತ್ತು ಕೋಲು ಇಷ್ಟೂ ಕಲಿಸಿಲ್ಲೇನ್ರಿ?"

"ನಲವತ್ತೊಂದು," ಎಂದರು ಸಾವಕಾರರು. ಅಂಥ ಹೊತ್ತಿನಲ್ಲೂ.

ಹಳ್ಳ ಬಂತು. ಮೊಣಕಾಲುದ್ದ ನೀರು, ದಾಟಲು ಸಾಲಾಗಿ ಏಳು ಕಲ್ಲು. ನಾಲ್ಕನೆಯ ಕಲ್ಲು ತುಸು ಎತ್ತರ. ಸಾವಕಾರರು ಕೋಲು ಎತ್ತುವುದನ್ನು ಮರೆತು ತಾವೇ ಮೇಲೆ ಹತ್ತಿದರು. ಕೋಲು ಒಮ್ಮೆಗೇ ಎಳೆಯಿತು. ಫಕೀರವ್ವನ ಕೈ ಬಿಗಿ ಹಿಡಿಯಲು ನೋಡಿತು. ನುಣುಪು ಬೆಳ್ಳಿ, ಮೇಲೆ ಬೆವರು. ಜಾರಿತು. ಅವಳು ನೀರಿಗೆ ಬಿದ್ದಳು.

ನಾನು ಓಡಿದೆ. ನನಗಿಂತ ಮೊದಲು ಸಾವಕಾರರು ನೀರಿಗೆ ಹಾರಿದ್ದರು. ರೇಷ್ಮೆ ಶಲ್ಯ ತೇಲಿ ಹೋಯಿತು. ಫಕೀರವ್ವ ನೀರಿನಲ್ಲಿ ಕುಳಿತಿದ್ದಳು. ಮೊಣಕಾಲು ಒಡೆದು ರಕ್ತ ಬರುತ್ತಿತ್ತು. ಸಾವಕಾರರು ಎಬ್ಬಿಸಲು ಕೈ ಚಾಚಿದರು.

"ಕೈ ಬ್ಯಾಡ," ಎಂದಳು. "ಇಪ್ಪತ್ತು ವರ್ಷದಾಗ ಒಂದು ದಿನ ಬಿದ್ದಿಲ್ಲ ನಾ. ನನ್ನ ಕೋಲು ಕೊಡ್ರಿ."

ಬೈದಿದ್ದರೆ ಸಾವಕಾರರು ತಡೆದುಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ಗಾಬರಿಯಾಗಿ, ಎರಡೂ ಕೈಯಿಂದ ನೀರನ್ನು ತಡವುತ್ತ ಕೋಲು ಹುಡುಕುತ್ತಿದ್ದಳು.

ಸಾವಕಾರರು ತಮ್ಮ ಕೈಯಲ್ಲೇ ಇದ್ದ ಕೋಲನ್ನು ಹಳ್ಳದ ಬಂಡೆಯ ಮೇಲಿಟ್ಟರು. ಒಂದು ಕಲ್ಲು ಎತ್ತಿಕೊಂಡರು. ಬೆಳ್ಳಿಯ ಬೆಸುಗೆಯ ಮೇಲೆ ಹೊಡೆದರು. ಎರಡನೆಯ ಏಟು ತಮ್ಮ ಬೆರಳಿಗೇ ಬಿತ್ತು. ನಿಲ್ಲಿಸಲಿಲ್ಲ. ಬೆಸುಗೆ ಬಿಚ್ಚಿತು. ಉಗುರಿನಿಂದ, ಆಮೇಲೆ ಹಲ್ಲಿನಿಂದ ಬೆಳ್ಳಿಯನ್ನು ಸುಲಿದರು. ಆ ತುದಿ ಆದ ಮೇಲೆ ಈ ತುದಿ. ಬೆಳ್ಳಿ ನೀರಿಗೆ ಬಿತ್ತು. ಅವರು ಆ ಕಡೆ ನೋಡಲಿಲ್ಲ.

ಬಿದಿರು ಅಲ್ಲಲ್ಲಿ ಸೀಳಿತ್ತು. ತುದಿಯನ್ನು ಅವಳ ಅಂಗೈಗೆ ಇಟ್ಟರು. ಅವಳ ಹೆಬ್ಬೆರಳು ಹಿಂದೆ ಮುಂದೆ ಸರಿದು ತನ್ನ ತಗ್ಗನ್ನು ಹುಡುಕಿಕೊಂಡಿತು.

"ಹಾಂ," ಎಂದಳು. ಎದ್ದಳು.

ಉಳಿದ ದಾರಿಗೆ ಒಂದು ತಾಸು ಹಿಡಿಯಿತು. ಸಾವಕಾರರು ಒಂದು ಮಾತೂ ಆಡಲಿಲ್ಲ. ಕಲ್ಲು ಬಂದಾಗ ಎತ್ತಿದರು, ತಗ್ಗು ಬಂದಾಗ ಇಳಿಸಿದರು.

ಅಜ್ಜನವರು ಮಠದ ಬಾಗಿಲಲ್ಲಿ ನಿಂತಿದ್ದರು. ತಾವೇ ಅರಿಸಿನ ತಂದರು. ಕೆಳಗೆ ಕುಳಿತು ಫಕೀರವ್ವನ ಮೊಣಕಾಲಿಗೆ ಮೆತ್ತಿದರು. ವಿರಕ್ತರ ಕೈ ತಾಕಿತೆಂದು ಅವಳು ಆ ದಿನ ತಕರಾರು ತೆಗೆಯಲಿಲ್ಲ. ಬೇರೆ ಹಟ ಇತ್ತು ಅವಳಿಗೆ. "ಸಾವಕಾರ್ರಿಗೂ ಹಚ್ರಿ. ಬಟ್ಟು ಜಜ್ಜಿಕೊಂಡಾರ, ಸಪ್ಪಳ ಕೇಳೇನಿ," ಎಂದಳು.

ಅಜ್ಜನವರು ಅವರ ಬೆರಳಿಗೂ ಹಚ್ಚಿದರು. ಸಾವಕಾರರು ಅಳುತ್ತಿದ್ದರು. ಕೋಲನ್ನು ಅಜ್ಜನವರ ಪಾದದ ಹತ್ತಿರ ಇಟ್ಟರು. "ನಾ ಇದಕ್ಕ ಯೋಗ್ಯ ಅಲ್ರಿ. ತಗೋರಿ ಅಜ್ಜಾರ."

"ಹಳ್ಳ ನಾಳೆನೂ ಅಲ್ಲೇ ಇರ್ತೈತಿ," ಎಂದರು ಪೂಜ್ಯರು. ಒಳಗೆ ಹೋದರು.

ಸಾವಕಾರರು ಮರುದಿನ ಬಂದರು. ಅದರ ಮರುದಿನವೂ ಬಂದರು. ಕಾರನ್ನು ಹಳ್ಳದ ಈಚೆ ನಿಲ್ಲಿಸಿ ಬರಿಗಾಲಲ್ಲಿ ದಾಟಿ ಹೋಗಿ ಅವಳನ್ನು ಕರೆತರುತ್ತಿದ್ದರು. ಮಧ್ಯಾಹ್ನದವರೆಗೆ ನನ್ನ ಎದುರು ಕುಳಿತು ಹುಣಸೆಹಣ್ಣೋ ಶೇಂಗಾವೋ ಬಿಡಿಸುತ್ತಿದ್ದರು. ಕೈ ಬಹಳ ನಿಧಾನ. ಅವಳನ್ನು ಗುಡಿಸಲಿಗೆ ಮುಟ್ಟಿಸಿ ಊರಿಗೆ ಹೋಗುತ್ತಿದ್ದರು. ಕೋಲು ಫಕೀರವ್ವನ ಬಾಗಿಲ ಮೂಲೆಯಲ್ಲೇ ಉಳಿಯಿತು. ದಿನಾ ಬೆಳಗಾದರೆ ಇಲ್ಲೇ ಬೇಕಾದ ವಸ್ತುವನ್ನು ಹನ್ನೆರಡು ಮೈಲಿ ಒಯ್ದು ತರುವುದು ದಡ್ಡತನವೆಂದು ಅವರಿಗೇ ಹೊಳೆದಿತ್ತು.

ಹೈದರಾಬಾದಿನವನು ಎರಡು ಕಾಗದ ಬರೆದ. ನಿಂಬವ್ವ ಒಲೆಗೆ ಹಾಕಿದಳು. ಕಪಾಟಿನ ಕೋಲುಗಳಲ್ಲಿ ಗಟ್ಟಿ ಇದ್ದವನ್ನು ಸಾವಕಾರರು ಒಂದೊಂದಾಗಿ ತಂದರು, ಬೆಳ್ಳಿ ಬಿಚ್ಚಿಸಿ. ಕಾಲು ಸೋತವರು, ಸೊಂಟ ಬಿದ್ದವರು ಒಯ್ದರು. ಎದೆಯವರೆಗಿನದು ಈಗ ನನ್ನ ಹತ್ತಿರ ಇದೆ. ಮೊಣಕಾಲಿನದನ್ನು ಯಾರೂ ಕೇಳಲಿಲ್ಲ.

ಆರು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷ ಅಡವಯ್ಯಜ್ಜನವರು ಲಿಂಗೈಕ್ಯರಾದರು. ಸಾವಕಾರರು ಆ ದಿನವೂ ಮೊದಲು ಹಳ್ಳದ ಆಚೆ ಹೋಗಿ ಫಕೀರವ್ವನನ್ನು ಕರೆತಂದರು, ಆಮೇಲೆ ದರ್ಶನಕ್ಕೆ ನಿಂತರು. ಆರನೆಯ ವರ್ಷ, ಮಾಘದಲ್ಲಿ, ಫಕೀರವ್ವ ತೀರಿಕೊಂಡಳು. ಕೋಲನ್ನು ಅವಳ ಜೊತೆಗೇ ಮಣ್ಣಿಗೆ ಇಡಲಾಯಿತು. ಕುಣಿಯಲ್ಲಿ ಇಳಿದು ಅವಳ ಕೈಗೆ ಆ ತುದಿ ಹಿಡಿಸಿದವರು ರಾಚಪ್ಪ ಸಾವಕಾರರು.