ಸೂಜಿ ಎಳೆದ ಗೋಡೆ

"ಅಯ್ನೋರೆ, ನನ್ ಮಗಳೂ ಅಳಿಯನೂ ಹೊಂದ್ಕೊಂಡು ಬಾಳ್ತಾರಾ? ದಿನಾ ಹೋಗಿ ನೋಡ್ತೀನಿ. ಹೋದಾಗೆಲ್ಲ ಕಿತ್ತಾಡ್ತಿರ್ತಾರೆ. ಅವಳನ್ನ ವಾಪಸ್ ಕರ್ಕೊಂಡು ಬಂದ್ಬಿಡ್ಲಾ?" ಅಂತ ಪುಟ್ಟಗೌರಮ್ಮ ಕೇಳಿದ್ಲು. ಮಗಳ ಮೈಮೇಲಿನ ಅರಿಶಿನ ಇನ್ನೂ ಆರಿರಲಿಲ್ಲ.

ಅಯ್ನೋರು ಒಂದು ಕತೆ ಶುರು ಮಾಡಿದ್ರು.

ಒಬ್ಬ ಹುಡುಗಿ ದೊಡ್ಡ ಕಾಲೇಜಲ್ಲಿ ಸಂಶೋಧನೆ ಮಾಡ್ತಿದ್ಲು. ಕಷ್ಟಪಟ್ಟು ಒಂದು ತಂತಿ ಮಾಡಿದ್ಲು, ನಿಕ್ಕಲ್ಲು ಕಬ್ಬಿಣ ಬೆರೆಸಿ. ನಮ್ಮ ಕೂದಲು ಅದರ ಪಕ್ಕ ತೆಂಗಿನ ಮರದಂಗೆ ಕಾಣಬೇಕು, ಅಷ್ಟು ಸಣ್ಣದು. ಅದರೊಳಗೆ ಪುಟಾಣಿ ಅಯಸ್ಕಾಂತಗಳು. ಈ ಕಡೆಯವೆಲ್ಲ ಮೂಡಲಿಗೆ ಮುಖ ಮಾಡಿರ್ತವೆ, ಆ ಕಡೆಯವೆಲ್ಲ ಪಡುವಲಿಗೆ. ಎರಡು ಗುಂಪು ಸೇರೋ ಜಾಗಕ್ಕೆ ಗೋಡೆ ಅಂತಾರೆ.

"ಇಟ್ಟಿಗೆ ಗೋಡೆನಾ?"

"ಇಟ್ಟಿಗೆನೂ ಇಲ್ಲ, ಗಾರೆನೂ ಇಲ್ಲ. ಮುಖ ತಿರುಗಿಸ್ಕೊಂಡ ಜಾಗ ಅಷ್ಟೆ. ಅಯಸ್ಕಾಂತಗಳು ಒಂದೊಂದಾಗಿ ನಿಂತಲ್ಲೇ ಮುಖ ತಿರುಗಿಸ್ತಾ ಹೋದ್ರೆ ಗೋಡೆ ಸರಿಯುತ್ತೆ. ಯಾವುದೂ ಜಾಗ ಬಿಟ್ಟು ಕದಲಲ್ಲ."

"ಅಯ್ಯೋ, ಥೇಟ್ ನಮ್ ಬೀಗರ ಮನೆ!"

ಅಯ್ನೋರು ನಕ್ಕು ಮುಂದುವರಿಸಿದ್ರು.

ಕರೆಂಟು ಕೊಟ್ರೆ ಗೋಡೆ ಸರೀಬೇಕು, ಕೊಡದಿದ್ರೆ ನಿಂತಿರಬೇಕು. ಹುಡುಗಿ ತಂತಿ ಮೇಲೆ, ತಾಗಿಯೂ ತಾಗದಂಗೆ ಒಂದು ಸೂಜಿ ಓಡಿಸ್ತಿದ್ಲು. ಸೂಜಿ ಹೋದಂಗೆ ಗೋಡೆ ಎಲ್ಲಿದೆ ಅಂತ ಚಿತ್ರ ಬರೋದು. ಒಂದಿನ ಕರೆಂಟೇ ಕೊಟ್ಟಿಲ್ಲ, ಗೋಡೆ ಸರಿದಿದೆ! ಮತ್ತೆ ನೋಡಿದ್ಲು. ಮತ್ತೂ ಸರಿದಿದೆ. ನೋಡಿದಷ್ಟೂ ಓಡ್ತಾ ಇದೆ. ಊಟ ಬಿಟ್ಟು ನೋಡಿದ್ಲು. ಕೊನೆಗೆ, "ಈ ತಂತಿ ನೆಟ್ಟಗಿಲ್ಲ, ಬಿಸಾಕ್ತೀನಿ" ಅಂತ ಎದ್ದಳು.

ಜೊತೆಯವಳು ತಡೆದಳು. "ತಾಳೇ ತಾಯಿ. ಸೂಜಿ ತುದಿಗೆ ಏನು ಬಳಿದಿದ್ದೀಯ?"

"ಅಯಸ್ಕಾಂತ. ಇಲ್ದಿದ್ರೆ ಗೋಡೆ ಕಾಣೋದು ಹೆಂಗೆ..." ಅಂದವಳು ಅಲ್ಲೇ ನಿಂತ್ಲು. ಸೂಜಿನ ಒಂಚೂರು ಮೇಲೆತ್ತಿ ಓಡಿಸಿದ್ಲು. ಚಿತ್ರ ಮಸುಕಾಯ್ತು. ಗೋಡೆ ಮಾತ್ರ ಇದ್ದಲ್ಲೇ ಇತ್ತು.

ಪುಟ್ಟಗೌರಮ್ಮನಿಗೆ ರೇಗಿತು. "ನಾನೇನು ಸೂಜಿ ಹಿಡ್ಕೊಂಡು ಹೋಗ್ತೀನಾ? ಸುಮ್ನೆ ನೋಡ್ಕೊಂಡು ಬರ್ತೀನಿ. ಮಗಳ ಪರ ಒಂದು ಮಾತು ಆಡ್ತೀನಿ, ತಪ್ಪಾ?"

ಅಯ್ನೋರು ಕೇಳಿದ್ರು: "ನೀನು ಹೋಗದ ದಿನ ಅವರಿಬ್ರು ಹೆಂಗಿರ್ತಾರೆ?"

"ಹೋಗದ ದಿನಾನೇ ಇಲ್ವಲ್ಲ ಅಯ್ನೋರೆ..." ಅಂದ ಪುಟ್ಟಗೌರಮ್ಮ, ಅವತ್ತು ಬೀಗರ ಮನೆ ದಾರಿ ಬಿಟ್ಟು ತನ್ನ ಮನೆ ಕಡೆ ನಡೆದಳು.