ಭದ್ರವಾದ ಜಾಗ

ಒಂದು ಹಳೇ ಪುಸ್ತಕವಿತ್ತು. ಓದಿದವರು ಮೊದಲು ನಕ್ಕು ಆಮೇಲೆ ತಲೆ ಕೆರೆದುಕೊಳ್ಳುವಂಥ ತಲೆಕೆಳಗಾದ ತತ್ವಗಳೇ ಅದರ ತುಂಬ. ಲೋಕದಲ್ಲಿ ಉಳಿದದ್ದು ಅದೊಂದೇ ಅಂತ ತಿಳಿದದ್ದೇ ತಡ, ಯಜಮಾನ ಅದನ್ನು ಬೀರುವಿನಲ್ಲಿಟ್ಟು ಟಕ್ಕನೆ ಬೀಗ ಒತ್ತಿದ.

"ಬೀಗಪ್ಪನವರೇ, ಹಿಂದಿನ ಹಲಗೆಗೆ ಗೆದ್ದಲು ಹತ್ತಿದೆ. ಯಾರಾದರೂ ಓದಿ ನಗುವ ಮೊದಲೇ ನನ್ನನ್ನು ಮುಗಿಸಿಬಿಡುತ್ತದೆ. ಬಾಗಿಲು ಬಿಡಿ," ಎಂದಿತು ಪುಸ್ತಕ.

"ಶಿವಶಿವಾ! ನಿಮ್ಮಂಥ ಅಪರೂಪದವರನ್ನು ಓದುವುದೇ? ಸವೆದುಹೋಗುತ್ತೀರಿ! ಕೀಲಿಕೈ ಬರಲಿ, ನೋಡೋಣ."

"ಅದೆಲ್ಲಿದೆ?"

"ಕಳೆಯಬಾರದೆಂದು ಯಜಮಾನರು ಭದ್ರವಾದ ಜಾಗದಲ್ಲೇ ಇಟ್ಟಿದ್ದಾರೆ. ನಿಮ್ಮ ಹಾಳೆಗಳ ನಡುವೆ."

ಬೆಳಗಿನಿಂದ ಹೊಟ್ಟೆಯೊಳಗೆ ತಣ್ಣಗೆ ಚುಚ್ಚುತ್ತಿದ್ದದ್ದು ಏನೆಂದು ಪುಸ್ತಕಕ್ಕೆ ಆಗ ತಿಳಿಯಿತು.

"ಅಯ್ಯೋ, ಇಷ್ಟು ಚೆಂದದ ತಲೆಕೆಳಗಾದ ತತ್ವ ನನ್ನಲ್ಲೂ ಒಂದಿಲ್ಲವಲ್ಲ!" ಎಂದು ಅದು ಬಿದ್ದು ಬಿದ್ದು ನಕ್ಕಿತು.

ಕೀಲಿಕೈಯ ಹಂಗಿಲ್ಲದ ಗೆದ್ದಲು ಹಿಂದಿನಿಂದ ಬಂದು, ಕೊನೆಯ ಪುಟದಿಂದ ಶುರು ಮಾಡಿತು.