ಮಠದ ಮಕ್ಕಳು

ಮಸಾರಿಹಾಳದ ಮಠವೆಂದರೆ ಮಣ್ಣಿನ ಮಾಳಿಗೆಯ ಎರಡೇ ಕೋಣೆ. ಪೂಜ್ಯ ಮುಪ್ಪಯ್ಯ ಅಜ್ಜನವರು ಅದರ ಕಟ್ಟೆಯ ಮೇಲೆ ಕುಳಿತು ತಮ್ಮ ಹರಿದ ಕೌದಿಗೆ ತಾವೇ ತೇಪೆ ಹಾಕುತ್ತಿದ್ದರು. ಕಣ್ಣು ಮಂಜಾದ್ದರಿಂದ ಸೂಜಿಗೆ ದಾರ ಪೋಣಿಸಲು ಮಾತ್ರ ದಾರಿಹೋಕರನ್ನು ಕರೆಯುತ್ತಿದ್ದರು. ಅವರು ಎಂದೂ ಸುಳ್ಳಾಡಿದವರಲ್ಲವೆಂದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿತ್ತು.

ಒಂದು ಬೆಳಿಗ್ಗೆ ಹತ್ತಿಬೀಜದ ಬೆಳೆಗಾರ ಕಳಕಪ್ಪ ಏದುಸಿರು ಬಿಡುತ್ತ ಬಂದ. ಅವನ ಹಿಂದೆ ಹನ್ನೊಂದು ಹುಡುಗಿಯರು. ಬೀಜದ ಹತ್ತಿಯಲ್ಲಿ ಒಂದೊಂದೇ ಮೊಗ್ಗನ್ನು ಸುಲಿದು ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಅದಕ್ಕೆ ಮೈನೆರೆಯದ ಹುಡುಗಿಯರ ಕೈಯೇ ಆಗಬೇಕೆಂಬುದು ಆ ಸೀಮೆಯ ನಂಬಿಕೆ. ಎಂಥ ನಂಬಿಕೆಯೋ! ಔಷಧಿ ಹೊಡೆದ ಗಿಡಗಳ ನಡುವೆ ದಿನವಿಡೀ ನಿಂತು ಆ ಕೂಸುಗಳ ಬೆರಳ ತುದಿಗಳು ಒಡೆದಿದ್ದವು.

“ಅಜ್ಜಾರ, ಪರದೇಶದವರು ಹೊಲ ನೋಡಾಕ ಬರಾಕತ್ಯಾರ್ರೀ. ಇವರನ್ನ ಕಂಡ್ರ ನನ್ನ ಬೀಜ ಯಾರೂ ಮೂಸಿ ನೋಡಂಗಿಲ್ಲ. ಕೇಳಿದ್ರ, ಮಠದ ಮಕ್ಕಳು ಅಂದುಬಿಡ್ರಿ.”

ಅಜ್ಜನವರು ಎಲ್ಲರಿಗಿಂತ ಚಿಕ್ಕವಳಾದ ದ್ಯಾಮವ್ವನ ಬೆರಳು ಸವರಿ ನೋಡಿದರು. “ಆತು” ಎಂದರು. ಎಲ್ಲರಿಗೂ ವಿಭೂತಿ ಹಚ್ಚಿ, ರೊಟ್ಟಿ ಉಣ್ಣಿಸಿದರು.

ಮಕ್ಕಳ ದುಡಿತ ನಿಲ್ಲಿಸಲೆಂದು ಹಲವು ದೇಶದವರು ಸೇರಿ ಕಟ್ಟಿದ ಸಂಸ್ಥೆಯ ತಾಯಿಯೊಬ್ಬರು ಹೊಲ ಸುತ್ತಿ, ದುಭಾಷಿಯೊಡನೆ ಮಠಕ್ಕೂ ಬಂದರು. ಈ ಹುಡುಗಿಯರು ಯಾರೆಂದು ಕೇಳಿದರು.

“ಮಠದ ಮಕ್ಕಳವ್ವಾ. ನಾಳಿಂದ ಇಲ್ಲೇ ಅಕ್ಷರ ಕಲೀತಾರ. ಒಬ್ಬ ಮಾಸ್ತರನ್ನ ಕೊಡಸ್ತೀಯೇನು?” ಎಂದರು ಅಜ್ಜನವರು. ಆ ತಾಯಿ ಸಂತೋಷದಿಂದ ಒಪ್ಪಿದರು.

ಇಳಿಹೊತ್ತಿಗೆ ಕಳಕಪ್ಪ ನಗುನಗುತ್ತ ಬಂದು, “ನಡೀರಿ, ಮೊಗ್ಗು ಬಿಡಸೋ ಹೊತ್ತಾತು” ಎಂದು ಹುಡುಗಿಯರನ್ನು ಎಬ್ಬಿಸಿದ.

“ನನ್ನ ಮಾತು ಸುಳ್ಳು ಮಾಡ್ತೀಯೇನು, ಕಳಕಪ್ಪಾ?”

“ಹಂಗಾರ ನನ್ನ ಹೊಲಕ್ಕ ಯಾರ್ ಬರಬೇಕ್ರೀ?” ಎಂದು ಕಳಕಪ್ಪ ಗೊಣಗಿದ. ಅಜ್ಜನವರು ಸೂಜಿ ಬದಿಗಿಟ್ಟು, ಕೋಲು ಹಿಡಿದು ಎದ್ದೇಬಿಟ್ಟರು.

ಹೊಲದಲ್ಲಿ ಮಂಜುಗಣ್ಣಿನ ಅಜ್ಜನವರ ಕೈಗೆ ಮೊದಲ ಮೊಗ್ಗು ತೊಟ್ಟಿನ ಸಮೇತ ಕಿತ್ತು ಬಂತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಕಳಕಪ್ಪ ತಡೆಯಲಾರದೆ ಕೂಗಿದ: “ಅಜ್ಜಾರ, ಹೂವು ಹಾಳಾಗಾಕತ್ತಾವ್ರೀ!”

ಅಜ್ಜನವರು ಮೆಲ್ಲಗೆ ಅವನ ಕಡೆ ತಿರುಗಿದರು. “ಹೂವು ಹಾಳಾಗೂದು ನಿನಗ ಕಾಣತೈತಲ್ಲಪ್ಪಾ.”

ಕಳಕಪ್ಪ ಬದುವಿನ ಮೇಲೆ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತ. ಅಜ್ಜನವರು ಪಕ್ಕದಲ್ಲೇ ಕುಳಿತು, ಅಳು ನಿಲ್ಲುವವರೆಗೆ ಅವನ ಬೆನ್ನು ಸವರಿದರು.

ಮರುದಿನದಿಂದ ಆ ಹುಡುಗಿಯರ ತಾಯಂದಿರೇ ಪೂರಾ ಕೂಲಿಗೆ ಹೊಲಕ್ಕೆ ಬಂದರು. ಆ ವರ್ಷ ಬೆಳೆ ಕೊಂಚ ಕಡಿಮೆಯಾಯಿತು. ಅದನ್ನು ಕಳಕಪ್ಪನೇ ನಗುತ್ತ ಹೇಳಿಕೊಳ್ಳುತ್ತಿದ್ದ. ದಿನವೂ ಬೆಳಿಗ್ಗೆ ಮಠಕ್ಕೆ ಬಂದು ಅಜ್ಜನವರ ಸೂಜಿಗೆ ದಾರ ಪೋಣಿಸುವ ಸೇವೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಒಳಗೆ ದ್ಯಾಮವ್ವ ಗಟ್ಟಿಯಾಗಿ ಮಗ್ಗಿ ಹೇಳುತ್ತಿರುತ್ತಿದ್ದಳು. ಮಠಕ್ಕೆ ಬಂದವರು ಈ ಹುಡುಗಿಯರು ಯಾರೆಂದು ಕೇಳಿದರೆ, ಅಜ್ಜನವರು ಬಾಯಿ ತೆರೆಯುವ ಮೊದಲೇ ಕಳಕಪ್ಪ ಎದ್ದು ನಿಂತು ಹೇಳುತ್ತಿದ್ದ: “ಮಠದ ಮಕ್ಕಳ್ರೀ.”